ಕಂಪ್ರೆಸರ್‌ಗೆ ಜಾಗ ಹುಡುಕುವಾಗ

ಗಾಡಿಗೆ ಟೈರಿನ ಗಾಳಿ ತುಂಬುವ ಏರ್ ಕಂಪ್ರೆಸರ್ ಕೂರಿಸಬೇಕು ಅಂತ ತೀರ್ಮಾನಿಸಿದವರು ಮೊದಲು ಮಾಡುವ ಕೆಲಸ ಬಾನೆಟ್ ಎತ್ತುವುದು. ಬ್ಯಾಟರಿ ಪಕ್ಕದಲ್ಲೋ ಎಂಜಿನ್ ಹಿಂದಿನ ತಗಡಿನ ಗೋಡೆ (ಫೈರ್‌ವಾಲ್) ಹತ್ತಿರವೋ ಒಂದು ಗೇಣು ಜಾಗ ಕಂಡರೆ ಮುಗಿಯಿತು. ಅಳತೆ ತೆಗೆದು, ಬ್ರಾಕೆಟ್ ಮಾಡಿಸಿ, ಕೂರಿಸಿಬಿಡುತ್ತಾರೆ. ಬೆಂಗಳೂರಿನ ಜಿಪ್ಸಿ, ಥಾರ್ ಬಳಗದಲ್ಲಿ ನಾನು ನೋಡಿದ ಹೆಚ್ಚಿನ ಕಂಪ್ರೆಸರ್‌ಗಳು ಹೀಗೇ ಜಾಗ ಹಿಡಿದವು. ಖಾಲಿ ಇತ್ತು, ಇಟ್ಟರು.

ನನ್ನ ಜಿಪ್ಸಿಗೆ ಜಾಗ ಹುಡುಕುವಾಗ ನಾನು ಬೇರೆ ಪ್ರಶ್ನೆಯಿಂದ ಶುರು ಮಾಡಿದೆ. ಈ ಗಾಡಿ ದಿನ ಕಳೆಯುವುದು ಎಲ್ಲಿ? ಮಂಚನಬೆಲೆ ಕಡೆಯ ಕಲ್ಲುದಾರಿ, ಸಕಲೇಶಪುರದ ಕೆಸರು, ಇವೆಲ್ಲ ಯಾವತ್ತೋ ಒಂದು ಭಾನುವಾರದ ಮಾತು. ಮಿಕ್ಕ ದಿನವೆಲ್ಲ ಅದು ಬನಶಂಕರಿಯಿಂದ ಬೆಳ್ಳಂದೂರಿಗೆ ಹೋಗಿ ಬರುತ್ತದೆ. ಸಿಲ್ಕ್ ಬೋರ್ಡ್‌ನಲ್ಲಿ ಸಾಲಿನಲ್ಲಿ ನಿಲ್ಲುತ್ತದೆ. ಹಂಪ್ ಹಾರುತ್ತದೆ, ಗುಂಡಿಗೆ ಇಳಿಯುತ್ತದೆ, ಮೆಟ್ರೋ ಕಾಮಗಾರಿಯ ದೂಳು ಕುಡಿಯುತ್ತದೆ. ಕಂಪ್ರೆಸರ್ ದುಡಿಯುವುದು ಕಾಡಿನಲ್ಲಿ, ಬಾಳುವುದು ಊರಿನಲ್ಲಿ. ಜಾಗ ಆರಿಸುವಾಗ ಊರಿನ ಲೆಕ್ಕವನ್ನೇ ಮೊದಲು ಹಿಡಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟೆಲ್ಲ ಯಾಕೆ, ಬ್ಯಾಗಿನಲ್ಲಿ ಇಟ್ಟುಕೊಳ್ಳುವ ಸಣ್ಣ ಕಂಪ್ರೆಸರ್ ಸಾಲದಾ ಅಂತ ಕೇಳುವವರಿದ್ದಾರೆ. ಸಾಕು, ಬಳಸುವುದಾದರೆ. ಕಚ್ಚಾ ದಾರಿಗೆ ಇಳಿಯುವ ಮುಂಚೆ ಟೈರಿನ ಗಾಳಿ ಇಳಿಸಬೇಕು. 28-30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದದ್ದನ್ನು 18ರ ಆಸುಪಾಸಿಗೆ ತಂದರೆ ಟೈರು ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ. ಹಿಡಿತ ಹೆಚ್ಚುತ್ತದೆ. ಚಕ್ರ ಸುಮ್ನೆ ತಿರುಗಿ ಮಣ್ಣು ಬಗೆಯುವುದು ಕಡಿಮೆಯಾಗುತ್ತದೆ. ಈ ಕೊನೆಯದು ನನಗೆ ತುಂಬ ಮುಖ್ಯ. ನಾವು ಮಜಾ ಅಂತ ಓಡಿಸುವ ಎಷ್ಟೋ ದಾರಿಗಳು ಯಾರದೋ ಹೊಲಕ್ಕೆ ಹೋಗುವ ದಾರಿಗಳು. ಗಾಳಿ ಇಳಿಸದ ಗಾಡಿಗಳು ಒಂದು ಬೆಳಿಗ್ಗೆ ತೋಡಿದ ಹಳ್ಳದಲ್ಲಿ ಅಲ್ಲಿನ ಎತ್ತಿನ ಗಾಡಿ, ಟ್ರ್ಯಾಕ್ಟರ್ ಆ ಮಳೆಗಾಲವಿಡೀ ಒದ್ದಾಡಬೇಕು.

ಆದರೆ ಇಳಿಸಿದ ಗಾಳಿಯನ್ನು ಮತ್ತೆ ತುಂಬಬೇಕಲ್ವಾ? ಸಕಲೇಶಪುರದಿಂದ ಬೆಂಗಳೂರಿಗೆ 220 ಕಿಲೋಮೀಟರ್ ಹತ್ತಿರ. ಅಷ್ಟು ದೂರ 18 ಪಿಎಸ್‌ಐನಲ್ಲಿ ಹೈವೇ ಮೇಲೆ ಬಂದರೆ ಟೈರಿನ ಪಕ್ಕೆ ಬಗ್ಗಿ ಬಗ್ಗಿ ಕಾದು ಹಾಳಾಗುತ್ತದೆ, ಒಡೆಯಲೂಬಹುದು. ದಾರಿ ಮುಗಿದ ಕಡೆಯಲ್ಲೇ ಪೆಟ್ರೋಲ್ ಬಂಕ್ ಇರುವುದಿಲ್ಲ. ಬ್ಯಾಗಿನ ಕಂಪ್ರೆಸರ್ ಆದರೆ ಸಾಮಾನಿನ ಅಡಿಯಿಂದ ಎಳೆದು ತೆಗೆದು, ಬಾನೆಟ್ ಎತ್ತಿ, ಬ್ಯಾಟರಿಗೆ ಕ್ಲಿಪ್ ಹಾಕಿ, ಕೆಸರಿನಲ್ಲಿ ಇಟ್ಟು ಓಡಿಸಬೇಕು. ಸುಸ್ತಾದ ಸಂಜೆ ಇದನ್ನೆಲ್ಲ ನೆನೆಸಿಕೊಂಡೇ ಬೆಳಿಗ್ಗೆ "ಇವತ್ತು ಗಾಳಿ ಇಳಿಸೋದು ಬೇಡ ಬಿಡು" ಅನ್ನುತ್ತಾರೆ. ಗಾಡಿಯಲ್ಲೇ ಕೂತ ಕಂಪ್ರೆಸರ್ ಇದ್ದರೆ ಸ್ವಿಚ್ ಒತ್ತಿ, ಪೈಪ್ ಸಿಕ್ಕಿಸಿದರೆ ಆಯಿತು. ತುಂಬುವುದು ಸುಲಭವಾದರೆ ಇಳಿಸಲು ಮನಸ್ಸು ಬರುತ್ತದೆ.

ಇನ್ನು ಬಿಸಿಯ ವಿಷಯ. ಜಾಗದ ಪ್ರಶ್ನೆ ಮುಕ್ಕಾಲು ಪಾಲು ಇಲ್ಲೇ ಇದೆ.

ಕಂಪ್ರೆಸರ್ ಒಳಗೆ ಇರುವುದು ಒಂದು ಮೋಟಾರು, ಒಂದು ಸಣ್ಣ ಪಿಸ್ಟನ್. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆದವರಿಗೆ ಅದರ ತುದಿ ಕೈಗೆ ಸುಟ್ಟ ನೆನಪು ಇರುತ್ತದೆ. ಲೆಕ್ಕ ಹಾಕಿ ನೋಡಿದರೆ, 27 ಡಿಗ್ರಿಯ ಗಾಳಿಯನ್ನು 30 ಪಿಎಸ್‌ಐಗೆ ಒಂದೇ ಏಟಿಗೆ ಒತ್ತಿದರೆ, ಬಿಸಿ ಎಲ್ಲೂ ಹೊರಗೆ ಹೋಗದಿದ್ದರೆ, ಅದು 140 ಡಿಗ್ರಿ ದಾಟುತ್ತದೆ. ಅದೇ ಗಾಳಿ ಒಳಗೆ ಬರುವಾಗಲೇ 70 ಡಿಗ್ರಿ ಇದ್ದರೆ, ಹೊರಗೆ ಹೋಗುವಾಗ 200ರ ಆಸುಪಾಸು. ಸಿಲಿಂಡರಿನ ರೆಕ್ಕೆಗಳು ಒಂದಿಷ್ಟು ಬಿಸಿಯನ್ನು ಹೊರಗೆ ಬಿಡುತ್ತವೆ, ನಿಜ. ಆದರೆ ರೆಕ್ಕೆಯ ಸುತ್ತ ಇರುವ ಗಾಳಿಯೇ ಬಿಸಿಯಾಗಿದ್ದರೆ ಅವು ಯಾರಿಗೆ ಬಿಡಬೇಕು? ಅದರ ಮೇಲೆ ಬಿಸಿ ಗಾಳಿ ಹಗುರ. 27 ಡಿಗ್ರಿಯ ಗಾಳಿಗೆ ಹೋಲಿಸಿದರೆ 70 ಡಿಗ್ರಿಯ ಗಾಳಿಯಲ್ಲಿ ಪ್ರತಿ ಏಟಿಗೆ ಶೇಕಡಾ 12ರಷ್ಟು ಕಡಿಮೆ ಗಾಳಿ ಒಳಗೆ ಹೋಗುತ್ತದೆ. ಅಂದರೆ ಅಷ್ಟೇ ಟೈರಿಗೆ ಜಾಸ್ತಿ ಹೊತ್ತು ಓಡಬೇಕು, ಇನ್ನೂ ಜಾಸ್ತಿ ಬಿಸಿಯಾಗಬೇಕು.

ಡಬ್ಬದ ಮೇಲೆ ಡ್ಯೂಟಿ ಸೈಕಲ್ ಅಂತ ಬರೆದಿರುತ್ತಾರೆ. ಶೇಕಡಾ 33 ಅಂದರೆ ಹತ್ತು ನಿಮಿಷ ಓಡಿಸಿದರೆ ಇಪ್ಪತ್ತು ನಿಮಿಷ ಬಿಡುವು ಕೊಡಬೇಕು. ಆ ಸಂಖ್ಯೆಯನ್ನು ಓದುವಾಗ ಅದರ ಕೆಳಗಿನ ಸಣ್ಣ ಅಕ್ಷರವನ್ನೂ ಓದಿ. ಕಂಪ್ರೆಸರ್ ಮಾಡುವ ವಯೇರ್‌ನಂಥ (VIAIR) ಕಂಪನಿಗಳು ಅದನ್ನು 22 ಡಿಗ್ರಿ ಹವೆಯಲ್ಲಿ, 100 ಪಿಎಸ್‌ಐ ಒತ್ತಡದಲ್ಲಿ ಅಳೆದು ಹೇಳುತ್ತವೆ. 22 ಡಿಗ್ರಿ ನಮ್ಮೂರ ಡಿಸೆಂಬರ್ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಸಿಗುತ್ತದೆ. ಬಾನೆಟ್ ಕೆಳಗೆ ಯಾವ ತಿಂಗಳೂ ಸಿಗುವುದಿಲ್ಲ.

ಬಾನೆಟ್ ಕೆಳಗೆ ಇಡಬೇಡಿ ಅಂತ ನಾನು ಹೇಳುತ್ತಿಲ್ಲ. ಬ್ಯಾಟರಿ ಹತ್ತಿರ, ವೈರು ಮೊಳದುದ್ದ ಸಾಕು, ಸದ್ದು ಒಳಗೆ ಬರುವುದಿಲ್ಲ, ಸಾಮಾನು ಇಡುವ ಜಾಗ ಉಳಿಯುತ್ತದೆ. ಒಳ್ಳೆಯ ಗುಣಗಳೇ. ಆದರೆ ಕಂಪ್ರೆಸರ್ ಬೇಕಾಗುವ ಹೊತ್ತು ಯಾವುದು ಅಂತ ಯೋಚಿಸಿ. ಲೋ ರೇಂಜ್‌ನಲ್ಲಿ (ನಿಧಾನಕ್ಕೆ, ಹೆಚ್ಚು ಎಳೆತಕ್ಕೆ ಇರುವ ಗೇರ್) ತಾಸುಗಟ್ಟಲೆ ತೆವಳಿ, ಎಂಜಿನ್ ಕಾದು ಕೆಂಡವಾಗಿ, ದಾರಿ ಮುಗಿದ ಕಡೆ ನಿಲ್ಲಿಸುತ್ತೇವೆ. ಮುಂದಿನಿಂದ ಬೀಸುತ್ತಿದ್ದ ಗಾಳಿ ನಿಂತಿತು. ಬ್ಯಾಟರಿ ಇಳಿಯದಿರಲಿ ಅಂತ ಎಂಜಿನ್ ಓಡುತ್ತಲೇ ಇರುತ್ತದೆ. ಬಾನೆಟ್ ಒಳಗೆ ಅತಿ ಹೆಚ್ಚು ಕಾವು ಇರುವ ಗಳಿಗೆಯಲ್ಲೇ ನಾಲ್ಕು ಟೈರಿಗೂ ಗಾಳಿ ತುಂಬು ಅಂತ ಕಂಪ್ರೆಸರ್‌ಗೆ ಹೇಳುತ್ತೇವೆ. ಎರಡು ಟೈರು ಮುಗಿಯುವಷ್ಟರಲ್ಲಿ ಅತಿ ಬಿಸಿಯಾದರೆ ತಾನೇ ನಿಲ್ಲಿಸುವ ಥರ್ಮಲ್ ಕಟ್‌ಆಫ್ ಬಿದ್ದು ಅದು ನಿಲ್ಲುತ್ತದೆ. ಅದು ಮಿಷನ್ನಿನ ತಪ್ಪಲ್ಲ.

ಊರಿನಲ್ಲಂತೂ ಕಂಪ್ರೆಸರ್ ಓಡದಿದ್ದರೂ ಬೇಯುತ್ತದೆ. ಇದನ್ನು ನೋಡಲು ಒಂದು ಸುಲಭ ದಾರಿ ಇದೆ. ಮೀನಿನ ತೊಟ್ಟಿಗೆ ಹಾಕುವ, ಉದ್ದ ವೈರಿನ ತುದಿಯಲ್ಲಿ ಸೆನ್ಸರ್ ಇರುವ ಅಗ್ಗದ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ. 100 ಡಿಗ್ರಿವರೆಗೆ ತೋರಿಸುವಂಥದ್ದನ್ನು ಕೇಳಿ ತನ್ನಿ. ಆರಿಸಿಕೊಂಡ ಜಾಗದಲ್ಲಿ ಸೆನ್ಸರ್ ಅಂಟಿಸಿ, ವೈರನ್ನು ಬಾನೆಟ್ ಸಂದಿಯಿಂದ ಒಳಗೆ ತಂದು, ಸಂಜೆ ಆರು ಗಂಟೆಗೆ ಹೊರ ವರ್ತುಲ ರಸ್ತೆಯಲ್ಲಿ ಒಂದು ಸುತ್ತು ಹೊಡೆಯಿರಿ. ಗಾಡಿ ಓಡುವಾಗ ಅಂಕಿ ಇಳಿಯುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಏರುತ್ತದೆ, ಎಂಜಿನ್ ಆಫ್ ಮಾಡಿದ ಮೇಲೆ ಇನ್ನೂ ಏರುತ್ತದೆ. ಈ ಕೊನೆಯ ಏರಿಕೆ ಎಲ್ಲರಿಗೂ ಆಶ್ಚರ್ಯ. ಫ್ಯಾನು, ಕೂಲೆಂಟು ಎರಡೂ ನಿಂತ ಮೇಲೆ ಲೋಹದಲ್ಲಿದ್ದ ಬಿಸಿ ನಿಧಾನವಾಗಿ ಸುತ್ತಲ ಗಾಳಿಗೆ ಬರುತ್ತದೆ. ನನ್ನ ಜಿಪ್ಸಿಯಲ್ಲಿ ಸೈಲೆನ್ಸರ್ ಮ್ಯಾನಿಫೋಲ್ಡ್ ಕಡೆಗೂ ಹೆಡ್‌ಲೈಟ್ ಹಿಂದಿನ ಮೂಲೆಗೂ ಇಪ್ಪತ್ತು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಕಂಡಿತು. ಒಂದೇ ಬಾನೆಟ್ ಕೆಳಗೆ ಎರಡು ಬೇರೆ ಊರುಗಳು.

ಬೆಂಗಳೂರಿಗೆ ಇನ್ನೊಂದು ಲೆಕ್ಕವೂ ಇದೆ. ನಾವು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದ್ದೇವೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡಾ 10ರಷ್ಟು ಕಡಿಮೆ. ಕಂಪ್ರೆಸರ್ ಮೊದಲೇ ಆ ಹತ್ತನ್ನು ಕಳೆದುಕೊಂಡೇ ಶುರು ಮಾಡುತ್ತದೆ. ಅದರ ಮೇಲೆ ಬಿಸಿಯ ಹನ್ನೆರಡನ್ನೂ ನಾವೇ ಹೇರಬೇಕಾ?

ಗಾಡಿಯ ಅಡಿಯಲ್ಲಿ, ಚಾಸಿ ಪಕ್ಕಕ್ಕೆ ಕೂರಿಸುವವರೂ ಇದ್ದಾರೆ. ತಂಪು, ಜಾಗ ಬೇಕಾದಷ್ಟು. ಆದರೆ ನನ್ನ ಮನಸ್ಸು ಒಪ್ಪಲಿಲ್ಲ. ಒಳ್ಳೆಯ ಕಂಪ್ರೆಸರ್‌ಗಳ ಮೋಟಾರಿಗೆ ಐಪಿ55 ಅಂತ ಗುರುತು ಇರುತ್ತದೆ. ದೂಳಿಗೆ ಮತ್ತು ನೀರು ಚಿಮ್ಮುವುದಕ್ಕೆ ತಡೆ ಇದೆ ಅಂತ ಅದರ ಅರ್ಥ. ಮುಳುಗಿದರೂ ತಡೆಯುತ್ತದೆ ಅಂತ ಅಲ್ಲ, ಅದಕ್ಕೆ ಐಪಿ67 ಬೇಕು. ಅದರಲ್ಲೂ ಕಾದ ಕಂಪ್ರೆಸರ್ ತಣ್ಣನೆಯ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಆ ಎಳೆತಕ್ಕೆ ಸೀಲಿನ ಸಂದಿಯಿಂದ ನೀರು ಒಳಗೆ ಹೋಗುತ್ತದೆ. ಚಕ್ರಗಳ ನಡುವಿನ ಗೇರ್ ಡಬ್ಬಕ್ಕೆ (ಡಿಫರೆನ್ಷಿಯಲ್) ಉಸಿರಾಡಲು ಇರುವ ಬ್ರೀದರ್ ಪೈಪನ್ನು ಎತ್ತರಕ್ಕೆ ಎಳೆಯುವುದು ಇದೇ ಕಾರಣಕ್ಕೆ. ಏರ್ ಲಾಕರ್ (ಗಾಳಿಯ ಒತ್ತಡದಿಂದ ಡಿಫರೆನ್ಷಿಯಲ್ ಲಾಕ್ ಮಾಡಿ ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸುವ ಸಾಧನ) ಇರುವ ಗಾಡಿಗಳಲ್ಲಿ ಕಷ್ಟ ಇನ್ನೂ ಜಾಸ್ತಿ. ಅಲ್ಲಿ ಕಂಪ್ರೆಸರ್ ಹಳ್ಳದ ನಡುವೆಯೇ ಓಡಬೇಕಾಗುತ್ತದೆ, ಅದು ಗಾಳಿ ಎಳೆದುಕೊಳ್ಳುವ ಫಿಲ್ಟರ್ ನೀರಿನ ಮಟ್ಟದಲ್ಲಿದ್ದರೆ ನೇರವಾಗಿ ನೀರನ್ನೇ ಎಳೆದುಕೊಳ್ಳುತ್ತದೆ. ಥಾರ್ 650 ಮಿಲಿಮೀಟರ್ ನೀರಿನಲ್ಲಿ ಹೋಗಬಲ್ಲದು ಅಂತ ಕಂಪನಿ ಹೇಳುತ್ತದೆ. ಅದರ ಅಡಿಗೆ ಕಟ್ಟಿದ ಕಂಪ್ರೆಸರ್ ಹೋಗಬಲ್ಲದು ಅಂತ ಹೇಳಿಲ್ಲ.

ನೀರಿಗೆ ಕಾಡಿಗೇ ಹೋಗಬೇಕಾಗಿಲ್ಲ ಅನ್ನುವುದು ನಮ್ಮೂರಿನವರಿಗೆ ಗೊತ್ತು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಹತ್ತಿರ ಹೊರ ವರ್ತುಲ ರಸ್ತೆ ಕೆರೆಯಾಗಿತ್ತು. ಜನ ಆಫೀಸಿಗೆ ಟ್ರ್ಯಾಕ್ಟರ್ ಹತ್ತಿ ಹೋದರು. ನನ್ನ ದಿನದ ದಾರಿ ಅದು. ಅಡಿಯಲ್ಲಿ ಇಡುವ ಮಾತು ನನ್ನ ಮಟ್ಟಿಗೆ ಅಲ್ಲಿಗೇ ಮುಗಿಯಿತು.

ಸೀಟಿನ ಅಡಿ ಒಳ್ಳೆಯ ಜಾಗ, ಜಾಗ ಇದ್ದರೆ. ಒಣಗಿರುತ್ತದೆ, ಬ್ಯಾಟರಿಗೆ ಅಷ್ಟೇನೂ ದೂರ ಅಲ್ಲ. ಆದರೆ ಸೀಟು ಹಿಂದೆ ಮುಂದೆ ಸರಿದಾಗ ತಾಗದಿರಬೇಕು, ಸುತ್ತ ಕಾರ್ಪೆಟ್ ಒತ್ತಿಕೊಂಡು ಉಸಿರು ಕಟ್ಟಬಾರದು, ಬೂಟಿನ ಮಣ್ಣೆಲ್ಲ ಫಿಲ್ಟರಿಗೆ ಹೋಗಬಾರದು. ಇಲ್ಲಿ ಫಿಲ್ಟರನ್ನು ಮಾತ್ರ ಬಿಚ್ಚಿ, ಒಂದು ಟ್ಯೂಬ್ ಹಾಕಿ, ಎತ್ತರದ ಒಣ ಜಾಗಕ್ಕೆ ಸಾಗಿಸಬಹುದು. ಬಾನೆಟ್ ಕೆಳಗೆ ಇಟ್ಟವರಿಗೂ ಈ ಉಪಾಯ ಉಪಯೋಗಕ್ಕೆ ಬರುತ್ತದೆ. ಕಂಪ್ರೆಸರ್ ಒಂದು ಕಡೆ, ಅದು ಉಸಿರಾಡುವುದು ಇನ್ನೊಂದು ಕಡೆ.

ನಾನು ಆರಿಸಿದ್ದು ಗಾಡಿಯ ಒಳಗೆ, ಹಿಂದೆ, ಎಡಗಡೆಯ ವೀಲ್ ಆರ್ಚ್ (ಚಕ್ರದ ಮೇಲಿನ ತಗಡಿನ ಉಬ್ಬು) ಮೇಲೆ. ಜಿಪ್ಸಿಯಲ್ಲಿ ಹಿಂದಿನ ಸೀಟುಗಳು ಎದುರುಬದುರು ಬೆಂಚುಗಳು. ಬೆಂಚು ಮುಗಿದ ಮೇಲೆ ಬಾಗಿಲಿನ ಕಡೆಗೆ ಒಂದು ಮೂಲೆ ಉಳಿಯುತ್ತದೆ. ನೀರು ಅಲ್ಲಿವರೆಗೆ ಬರುವ ಹೊತ್ತಿಗೆ ಬೇರೆ ಚಿಂತೆಗಳೇ ದೊಡ್ಡದಾಗಿರುತ್ತವೆ. ಬಿಸಿಲಿಗೆ ನಿಲ್ಲಿಸಿದರೂ ಬಾನೆಟ್ಟಿನ ಕಾವು ಬರುವುದಿಲ್ಲ. ಹಿಂದಿನ ಬಾಗಿಲು ತೆಗೆದರೆ ಕೈಗೆ ಸಿಗುತ್ತದೆ, ಓಡುವಾಗ ಹೊರಗಿನ ತಂಪು ಗಾಳಿ ಬರುತ್ತದೆ. ಸದ್ದು ಇದೆ, ಆದರೆ ಗಾಳಿ ತುಂಬುವಾಗ ನಾವು ಹೊರಗೇ ಇರುತ್ತೇವೆ. ಐದಾರು ಕೆಜಿಯ ವಸ್ತು ಒಳಗೆ ಇದೆ ಅಂದಮೇಲೆ ಅದನ್ನು ಗಟ್ಟಿಯಾಗಿ ಕಟ್ಟಬೇಕು. ಗುದ್ದಿದರೆ ಬಿಡಿಯಾಗಿ ಹಾರಿ ಬಂದು ತಲೆಗೆ ಬಡಿಯುವ ತೂಕ ಅದು.

ಹಿಂದೆ ಇಡುವುದರ ಬೆಲೆ ವೈರಿನಲ್ಲಿ ತೆರಬೇಕು. ಬ್ಯಾಟರಿ ಮುಂದೆ, ಕಂಪ್ರೆಸರ್ ಹಿಂದೆ, ಮಧ್ಯೆ ನಾಲ್ಕು ಮೀಟರ್. ಹೋಗುವುದು ನಾಲ್ಕು, ಬರುವುದು ನಾಲ್ಕು, ಒಟ್ಟು ಎಂಟು. ಕಂಪ್ರೆಸರ್ 30 ಆಂಪಿಯರ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ಮನೆ ವೈರಿಂಗಿನ 2.5 ಸ್ಕ್ವೇರ್ ಎಂಎಂ ವೈರ್ ಎಳೆದರೆ ದಾರಿಯಲ್ಲೇ 1.8 ವೋಲ್ಟ್ ಸೋರಿಹೋಗುತ್ತದೆ. ಹನ್ನೆರಡು ವೋಲ್ಟಿನ ಗಾಡಿಯಲ್ಲಿ ಅದು ದೊಡ್ಡ ನಷ್ಟ, ಜೊತೆಗೆ ವೈರೂ ಕಾಯುತ್ತದೆ. 6 ಸ್ಕ್ವೇರ್ ಎಂಎಂ ಆದರೆ ಮುಕ್ಕಾಲು ವೋಲ್ಟ್. 10 ಆದರೆ 0.45. 16 ಆದರೆ ಕಾಲು ವೋಲ್ಟ್ ಚಿಲ್ಲರೆ. ನಾನು 16 ಹಾಕಿದೆ. ಜೆ.ಸಿ. ರೋಡಿನಲ್ಲಿ ಬ್ಯಾಟರಿ ಕೇಬಲ್ ಮಾರುವ ಅಂಗಡಿಯವರು ಅಳತೆ ಕೇಳಿ, "ಇಷ್ಟು ದಪ್ಪ ಯಾಕೆ ಸಾರ್, ಹತ್ತು ಸಾಕು" ಅಂದರು. ಹತ್ತೂ ನಡೆಯುತ್ತದೆ, ಸುಳ್ಳಲ್ಲ. ಮುಂದೆ ಎರಡು ಸಿಲಿಂಡರಿನ ಕಂಪ್ರೆಸರ್ ಹಾಕುವ ಮನಸ್ಸು ಬಂದರೆ ಕೇಬಲ್ ಬದಲಿಸುವುದು ಬೇಡ ಅಂತ ನಾನು ದಪ್ಪನೆಯದನ್ನೇ ತಂದೆ.

ಫ್ಯೂಸ್ ಬ್ಯಾಟರಿ ಹತ್ತಿರವೇ ಇರಬೇಕು, ಕಂಪ್ರೆಸರ್ ಹತ್ತಿರ ಅಲ್ಲ. ಕೇಬಲ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ, ತಾಗಿದ ಜಾಗಕ್ಕಿಂತ ಮುಂಚೆ ಇರುವ ಫ್ಯೂಸ್ ಮಾತ್ರ ಬೆಂಕಿ ತಡೆಯಬಲ್ಲದು. ಶೀಟಿನ ತೂತು ದಾಟುವ ಕಡೆಯಲ್ಲೆಲ್ಲ ವೈರು ಉಜ್ಜದಂತೆ ರಬ್ಬರ್ ಬಳೆ (ಗ್ರಾಮೆಟ್). ಅರ್ತ್‌ಗೆ ಬಾಡಿಯನ್ನು ನಂಬದೆ ಇನ್ನೊಂದು ಕೇಬಲ್ ಎಳೆದೆ. ಜಿಪ್ಸಿ 1985ರಲ್ಲಿ ಬಂದ ಗಾಡಿ. ಈಗ ರಸ್ತೆಯಲ್ಲಿರುವ ಯಾವ ಜಿಪ್ಸಿಯೂ ಹೊಸದಲ್ಲ, ಯಾವ ಬೆಸುಗೆಯ ಹಿಂದೆ ತುಕ್ಕು ಇದೆ ಅಂತ ಹೊರಗಿನಿಂದ ಕಾಣುವುದಿಲ್ಲ.

ಬ್ರಾಕೆಟ್ ಮಾಡಿದ್ದು ವಿಲ್ಸನ್ ಗಾರ್ಡನ್ ಕಡೆಯ ಒಂದು ಗ್ಯಾರೇಜಿನಲ್ಲಿ. ಅಲ್ಲಿನ ವೆಲ್ಡರ್ ಅಣ್ಣನ ಕೆಲಸ ನೋಡುವುದೇ ಒಂದು ಖುಷಿ. ಮೊದಲು ರಟ್ಟಿನಲ್ಲಿ ಕತ್ತರಿಸಿದರು. ಮೂಲೆಗೆ ಹಿಡಿದು, ಬೆರಳಿನಿಂದ ಒತ್ತಿ, ವೀಲ್ ಆರ್ಚಿನ ಬಾಗು ರಟ್ಟಿನ ಮೇಲೆ ಮೂಡಿಸಿಕೊಂಡರು. ಕಂಪ್ರೆಸರನ್ನು ಅದರ ಮೇಲೆ ಇಟ್ಟು ಫಿಲ್ಟರ್ ಬಿಚ್ಚಲು ಕೈ ತೂರುತ್ತದಾ ಅಂತ ನನ್ನ ಕೈಯಲ್ಲೇ ಮಾಡಿಸಿ ನೋಡಿದರು. ತೂರಲಿಲ್ಲ. ಎರಡು ಬೆರಳಷ್ಟು ಈಚೆಗೆ ಸರಿಸಿ ಗುರುತು ಹಾಕಿದರು. ಆಮೇಲೆ 3 ಎಂಎಂ ಪ್ಲೇಟ್. ವೀಲ್ ಆರ್ಚಿನ ತೆಳು ಶೀಟಿಗೆ ತೂತು ಕೊರೆದು ನೇತುಹಾಕಲು ಅವರು ಒಪ್ಪಲಿಲ್ಲ. "ಇಲ್ಲಿ ತೂತು ಹೊಡೆದ್ರೆ ಆಚೆಯಿಂದ ಕೆಸರು ಬಂದು ಕೂರುತ್ತೆ ಸಾರ್, ಎರಡು ಮಳೆಗಾಲಕ್ಕೆ ತುಕ್ಕು. ಬೆಂಚಿನ ಬೋಲ್ಟ್ ಇದ್ಯಲ್ಲ, ಕಂಪನಿಯವರೇ ಗಟ್ಟಿ ಮಾಡಿ ಕೊಟ್ಟಿರೋದು, ಅದಕ್ಕೇ ಹಿಡಿಯೋಣ" ಅಂದರು. ಹಾಗೇ ಆಯಿತು. ಸೀಟ್ ಬೆಲ್ಟಿನ ಬೋಲ್ಟನ್ನು ಮಾತ್ರ ಯಾರೂ ಹೀಗೆ ಹಂಚಿಕೊಳ್ಳಬಾರದು. ಅದು ಜೀವ ಹಿಡಿಯುವ ಬೋಲ್ಟ್, ಅದಕ್ಕೆ ಬೇರೆ ಕೆಲಸ ಕೊಡುವಂತಿಲ್ಲ.

ಇದೇ ಮಾದರಿಯ ಇನ್ನೊಂದು ಕಂಪ್ರೆಸರನ್ನು ಮೂಡಿಗೆರೆಯಲ್ಲಿರುವ ನಮ್ಮ ಭಾವನ ಹಳೆಯ ಥಾರ್‌ಗೂ ಕೂರಿಸಿದೆವು. ಹಿಂದೆ ಇಡೋಣ ಅಂತ ನಾನು ಶುರು ಮಾಡಿದಾಗ ಅವರು ನಡುವೆಯೇ ತಡೆದರು. "ನಿನ್ನ ಗಾಡಿಯಲ್ಲಿ ಹಿಂದೆ ನಾಲ್ಕು ಜನ ಕೂರ್ತಾರೆ ಮಾರಾಯ, ನನ್ನ ಗಾಡಿಯಲ್ಲಿ ಗೊಬ್ಬರದ ಚೀಲ ಕೂರ್ತಾವೆ." ಮಾತು ನಿಜ. ಅವರ ಗಾಡಿ ಸಿಗ್ನಲ್ ನೋಡುವುದೇ ಅಪರೂಪ. ದಿನವೆಲ್ಲ ತೋಟದ ದಾರಿ, ಮಲೆನಾಡಿನ ತಂಪು. ಹಿಂದೆ ಚೀಲ, ಗುದ್ದಲಿ, ಕಾಫಿ ಬೀಜದ ದೂಳು. ಅಲ್ಲಿ ಬಾನೆಟ್ ಕೆಳಗೇ ಸರಿ, ಎಗ್ಸಾಸ್ಟ್ ಇಲ್ಲದ ಕಡೆಗೆ, ಎಷ್ಟು ಎತ್ತರ ಸಿಗುತ್ತದೋ ಅಷ್ಟು ಎತ್ತರಕ್ಕೆ.

ಎತ್ತರಕ್ಕೆ ಇಟ್ಟಾಗ ಬಾನೆಟ್ ಮುಚ್ಚಿದರೆ ತಾಗುತ್ತದಾ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಅಕ್ಕ ಚಪಾತಿಗೆ ಕಲಸಿಟ್ಟಿದ್ದ ಹಿಟ್ಟಿನಲ್ಲಿ ಎರಡು ಉಂಡೆ ಕೇಳಿ ತಂದೆವು. ಪ್ಲಾಸ್ಟಿಕ್ ಹಾಳೆ ಹಾಸಿ ಕಂಪ್ರೆಸರಿನ ತಲೆಯ ಮೇಲೆ ಒಂದು, ಫಿಲ್ಟರಿನ ಮೇಲೆ ಒಂದು ಇಟ್ಟು, ಬಾನೆಟ್ಟನ್ನು ಮೆಲ್ಲಗೆ ಇಳಿಸಿ ಲಾಕ್ ಮಾಡಿ, ಮತ್ತೆ ತೆಗೆದೆವು. ಫಿಲ್ಟರಿನ ಮೇಲಿನ ಉಂಡೆ ಅರ್ಧ ಬೆರಳು ದಪ್ಪಕ್ಕೆ ಚಪ್ಪಟೆಯಾಗಿತ್ತು, ಅದರ ಮೇಲೆ ಬಾನೆಟ್ಟಿನ ಪಟ್ಟಿಯ ಅಚ್ಚು ಸ್ಪಷ್ಟವಾಗಿ ಬಿದ್ದಿತ್ತು. ಅಷ್ಟು ಸಂದಿ ಸಾಲದು. ಎಂಜಿನ್ ತನ್ನ ರಬ್ಬರಿನ ಮೇಲೆ ಅಲ್ಲಾಡುತ್ತದೆ, ಬಾನೆಟ್ಟೂ ಗುಂಡಿಯಲ್ಲಿ ಬಡಿಯುತ್ತದೆ. ಬ್ರಾಕೆಟ್ಟನ್ನು ಇಳಿಸಿ, ಎರಡನೇ ಸಲ ಹಿಟ್ಟು ಇಟ್ಟು ನೋಡಿದಾಗ ಉಂಡೆಯ ನೆತ್ತಿ ಮಾತ್ರ ಸ್ವಲ್ಪ ತಟ್ಟಿತ್ತು. ಅಲ್ಲಿಗೆ ಬಿಗಿದೆವು.

ಜಾಗ ಯಾವುದೇ ಇರಲಿ, ಕಂಪ್ರೆಸರಿನಿಂದ ಹೊರಡುವ ಮೊದಲ ಅಡಿ-ಎರಡಡಿ ಪೈಪು ಸ್ಟೀಲ್ ಹೆಣಿಗೆಯದ್ದೇ ಆಗಿರಬೇಕು. ಅಲ್ಲಿ ಗಾಳಿ ಎಷ್ಟು ಬಿಸಿ ಇರುತ್ತದೆ ಅಂತ ಮೇಲೆ ನೋಡಿದೆವಲ್ಲ, ನೀಲಿ ಪಿಯು (ಪ್ಲಾಸ್ಟಿಕ್) ಟ್ಯೂಬ್ ನೇರವಾಗಿ ಸಿಕ್ಕಿಸಿದರೆ ಮೆತ್ತಗಾಗಿ ಕಿತ್ತು ಬರುತ್ತದೆ. ಪೆಟ್ರೋಲ್ ಪೈಪು, ಟ್ಯಾಂಕಿನ ಹತ್ತಿರ ಸುಳಿಯಲೇಬಾರದು. ಕೂರಿಸಿದ ಮೇಲೆ ಮೊದಲ ಒರಟು ದಾರಿ ಮುಗಿಸಿ ಬಂದ ದಿನ ಎಲ್ಲ ಬೋಲ್ಟಿಗೂ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಸಡಿಲವಾಗದಂತೆ ಒಳಗೆ ನೈಲಾನ್ ಇರುವ ನೈಲಾಕ್ ನಟ್ ಇದ್ದರೂ ನೋಡಿ.

ಎಡಗಡೆಯೇ ಯಾಕೆ ಅಂತ ಕೇಳಿದವರಿಗೆ: ಜಿಪ್ಸಿಯ ಉದ್ದ 4 ಮೀಟರ್ ಚಿಲ್ಲರೆ, ಹಿಂದಿನ ಮೂಲೆಯಿಂದ ಎಂಟು ಮೀಟರಿನ ಪೈಪು ನಾಲ್ಕೂ ಚಕ್ರಕ್ಕೆ ಮುಟ್ಟುತ್ತದೆ. ಹಾಗಾಗಿ ಎಡ, ಬಲ ಎರಡೂ ನಡೆಯುತ್ತಿತ್ತು. ಆದರೆ ಕನಕಪುರ ರಸ್ತೆಯಲ್ಲೋ ಮೈಸೂರು ರಸ್ತೆಯಲ್ಲೋ ಗಾಡಿ ನಿಲ್ಲಿಸುವುದು ಎಡ ಅಂಚಿಗೆ. ಸ್ವಿಚ್ಚು, ಪೈಪ್ ಸಿಕ್ಕಿಸುವ ಕಪ್ಲರ್, ಒತ್ತಡ ನೋಡುವ ಗೇಜ್ ಎಲ್ಲ ಎಡಕ್ಕಿದ್ದರೆ ನಿಂತು ಕೆಲಸ ಮಾಡುವ ಮನುಷ್ಯನಿಗೂ ಹೋಗುವ ಲಾರಿಗೂ ನಡುವೆ ಇಡೀ ಗಾಡಿ ಇರುತ್ತದೆ. ಬಲಗಡೆಯ ಎರಡು ಚಕ್ರವನ್ನು ಡಾಂಬರು ಮುಟ್ಟುವ ಮುಂಚೆ, ಮಣ್ಣುದಾರಿಯಲ್ಲೇ ತುಂಬಿ ಮುಗಿಸಿಕೊಳ್ಳುತ್ತೇನೆ.